ಹಳೆಯ ಡಿಎಸ್‌ಎಲ್‌ಆರ್ ಕೊಳ್ಳುವ ಮುನ್ನ: ಸವೆಯುವುದು ಯಾವುದು, ಸವೆಯದ್ದು ಯಾವುದು

ಮದುವೆ ಫೋಟೊ ತೆಗೆಯುವವರು, ಹಕ್ಕಿಗಳ ಬೆನ್ನು ಹತ್ತಿದವರು, ಕ್ಯಾಮೆರಾ ಕ್ಲಬ್ಬುಗಳ ಹಿರಿಯರು ಒಬ್ಬೊಬ್ಬರಾಗಿ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಹೊರಳುತ್ತಿದ್ದಾರೆ. ಅವರು ಬಿಟ್ಟುಕೊಟ್ಟ ಡಿಎಸ್‌ಎಲ್‌ಆರ್‌ಗಳು ಸೆಕೆಂಡ್ ಹ್ಯಾಂಡ್ ಅಂಗಡಿಗಳ ಕಪಾಟುಗಳಲ್ಲೂ ಆನ್‌ಲೈನ್ ಜಾಹೀರಾತುಗಳಲ್ಲೂ ಹೊಸದರ ಬೆಲೆಯ ಒಂದು ಪಾಲಿಗೆ ಸಿಗುತ್ತಿವೆ. ಮೊಬೈಲಿನಲ್ಲೇ ಕೈ ಪಳಗಿಸಿಕೊಂಡು, ಇನ್ನು ಸರಿಯಾದ ಕ್ಯಾಮೆರಾ ಬೇಕು ಅನ್ನುವವರಿಗೆ ಇದು ಒಳ್ಳೆಯ ಕಾಲ. ತೊಡಕು ಇರುವುದು ಜಾಹೀರಾತಿನ ಭಾಷೆಯಲ್ಲಿ. "24 ಎಂಪಿ, ಶಟರ್ ಕೌಂಟ್ 18 ಸಾವಿರ, ಡಬಲ್ ಲೆನ್ಸ್, ಮಿಂಟ್ ಕಂಡೀಶನ್" ಎಂದು ಬರೆದಿರುತ್ತಾರೆ. ಇದರಲ್ಲಿ ಯಾವುದಕ್ಕೆ ಬೆಲೆ ಕೊಡಬೇಕು, ಯಾವುದನ್ನು ಓದಿಯೂ ಓದದಂತೆ ಬಿಡಬೇಕು?

ಕ್ಯಾಮೆರಾದ ಒಳಗೆ ಯಾವ ಭಾಗ ಸವೆಯುತ್ತದೆ, ಯಾವುದು ಸವೆಯುವುದಿಲ್ಲ ಎಂಬುದು ಗೊತ್ತಾದರೆ ಉತ್ತರದ ಮುಕ್ಕಾಲು ಪಾಲು ಸಿಕ್ಕಂತೆ.

ಕನ್ನಡಿ ಇದ್ದದ್ದು, ಕನ್ನಡಿ ಹೋದದ್ದು

ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸಿನ ಹಿಂದೆ 45 ಡಿಗ್ರಿ ಓರೆಯಾಗಿ ಒಂದು ಕನ್ನಡಿ ನಿಂತಿರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸುತ್ತದೆ. ಮೇಲಿನ ಪ್ರಿಸಮ್ ಆ ಬಿಂಬವನ್ನು ನೆಟ್ಟಗೆ ಮಾಡಿ ನಿಮ್ಮ ಕಣ್ಣಿಗೆ ಮುಟ್ಟಿಸುತ್ತದೆ. ಬಟನ್ ಒತ್ತಿದಾಗ ಕನ್ನಡಿ ಮೇಲೆ ಹಾರುತ್ತದೆ, ಹಿಂದಿರುವ ಶಟರ್ ಪರದೆ ಸರಿಯುತ್ತದೆ, ಬೆಳಕನ್ನು ಚಿತ್ರವಾಗಿಸುವ ಸೆನ್ಸರ್‌ಗೆ ಅದು ಬೀಳುತ್ತದೆ. ಪರದೆ ಮುಚ್ಚಿಕೊಂಡು ಕನ್ನಡಿ ಮತ್ತೆ ಕೆಳಗಿಳಿಯುತ್ತದೆ. ಆ "ಟಕ್" ಶಬ್ದದಲ್ಲಿ ಅಡಗಿರುವುದು ಇಷ್ಟು ಕೆಲಸ.

ಮಿರರ್‌ಲೆಸ್‌ನಲ್ಲಿ ಕನ್ನಡಿಯೂ ಇಲ್ಲ, ಪ್ರಿಸಮ್ಮೂ ಇಲ್ಲ. ಬೆಳಕು ಸದಾ ಸೆನ್ಸರ್ ಮೇಲೆಯೇ ಬೀಳುತ್ತಿರುತ್ತದೆ, ಕಣ್ಣಿಟ್ಟು ನೋಡುವ ಕಿಂಡಿಯೊಳಗೆ ಒಂದು ಪುಟ್ಟ ಪರದೆ ಇರುತ್ತದೆ. ಸೋನಿಯ ಎ7 2013ರಲ್ಲಿ ಬಂತು. ನಿಕಾನ್‌ನ ಝಡ್ ಸರಣಿಯೂ ಕ್ಯಾನನ್‌ನ ಇಒಎಸ್ ಆರ್ ಕೂಡ 2018ರಲ್ಲಿ ಬಂದವು. ಅಲ್ಲಿಂದ ಈಚೆಗೆ ಈ ಕಂಪನಿಗಳ ಹೊಸ ಲೆನ್ಸುಗಳೆಲ್ಲ ಬಹುತೇಕ ಆ ಕಡೆಗೇ ಹೋಗಿವೆ. ಹಳೆಯ ಬಾಡಿಗಳ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾಗಳ) ಬೆಲೆ ಬಿದ್ದದ್ದು ಈ ಕಾರಣಕ್ಕೇ ಹೊರತು ಅವು ಕೆಟ್ಟ ಚಿತ್ರ ತೆಗೆಯಲು ಶುರುಮಾಡಿದವು ಎಂದಲ್ಲ.

ಮಿರರ್‌ಲೆಸ್‌ಗೆ ನಿಜವಾದ ಮೇಲುಗೈ ಇದೆ. ಫೋಕಸ್ ಬಿಂದುಗಳು ಚೌಕಟ್ಟಿನ ಅಂಚಿನವರೆಗೂ ಹರಡಿರುತ್ತವೆ, ಎದುರಿನವರ ಕಣ್ಣನ್ನು ಕ್ಯಾಮೆರಾ ತಾನೇ ಹುಡುಕಿ ಹಿಡಿಯುತ್ತದೆ, ಚಿತ್ರ ಎಷ್ಟು ಬೆಳ್ಳಗೆ ಅಥವಾ ಕಪ್ಪಗೆ ಬರುತ್ತದೆ ಎಂಬುದು ತೆಗೆಯುವ ಮೊದಲೇ ಕಾಣುತ್ತದೆ. ಓಡಾಡುವ ಮಗುವನ್ನು ವಿಡಿಯೊ ಮಾಡುವುದೇ ಮುಖ್ಯವಾದರೆ ಹಳೆಯ ಡಿಎಸ್‌ಎಲ್‌ಆರ್ ಬೇಡ. ಬ್ಯಾಟರಿಯ ವಿಷಯದಲ್ಲಿ ಮಾತ್ರ ಕನ್ನಡಿಯವರದೇ ಗೆಲುವು. ಕಿಂಡಿಯೊಳಗಿನ ಪರದೆ ಸದಾ ಉರಿಯಬೇಕಿಲ್ಲವಾದ್ದರಿಂದ ನಿಕಾನ್ ಡಿ3500ಕ್ಕೆ ಒಂದು ಚಾರ್ಜಿಗೆ 1550 ಚಿತ್ರಗಳ ಅಂದಾಜು ಕೊಟ್ಟಿದ್ದಾರೆ. ಅದೇ ಕಂಪನಿಯ ಮಿರರ್‌ಲೆಸ್ ಝಡ್50ಕ್ಕೆ 300ರ ಆಸುಪಾಸು.

ಶಟರ್ ಕೌಂಟ್ ಎಂಬ ಕಿಲೋಮೀಟರ್ ಲೆಕ್ಕ

ಸೆನ್ಸರ್‌ನಲ್ಲಿ ಅಲುಗಾಡುವ ಭಾಗವಿಲ್ಲ. 2013ರಲ್ಲಿ ಅದು ಹೇಗೆ ನೋಡುತ್ತಿತ್ತೋ ಇಂದೂ ಹಾಗೆಯೇ ನೋಡುತ್ತದೆ. ಸವೆಯುವುದು ಶಟರ್ ಪರದೆ, ಕನ್ನಡಿ ಎತ್ತುವ ಯಂತ್ರ, ಚಕ್ರ ಮತ್ತು ಬಟನ್‌ಗಳು, ರಬ್ಬರ್ ಹಿಡಿ, ಬ್ಯಾಟರಿ.

ಶಟರ್ ಆವರೆಗೆ ಎಷ್ಟು ಸಲ ತೆರೆದು ಮುಚ್ಚಿದೆ ಎಂಬ ಲೆಕ್ಕವೇ ಶಟರ್ ಕೌಂಟ್. ಆರಂಭಿಕ ದರ್ಜೆಯ ಬಾಡಿಗಳ ಶಟರ್ ಅನ್ನು ಸುಮಾರು 1 ಲಕ್ಷ ಕ್ಲಿಕ್‌ಗೆ, ಮಧ್ಯಮ ದರ್ಜೆಯ ನಿಕಾನ್ ಡಿ7100, ಡಿ7200 ಬಗೆಯವನ್ನು 1.5 ಲಕ್ಷಕ್ಕೆ, ಡಿ5ನಂಥ ವೃತ್ತಿಪರ ಬಾಡಿಗಳನ್ನು 4 ಲಕ್ಷಕ್ಕೆ ಪರೀಕ್ಷಿಸಿರುತ್ತಾರೆ. ಇದೇನೂ ಆಯುಷ್ಯದ ಗಡುವಲ್ಲ. ಸ್ಕೂಟರಿನ ಮೀಟರ್ 1 ಲಕ್ಷ ದಾಟಿದ ಕೂಡಲೇ ಎಂಜಿನ್ ನಿಲ್ಲುವುದಿಲ್ಲವಲ್ಲ, ಹಾಗೆ. ದಿನಕ್ಕೆ ಸರಾಸರಿ 20 ಚಿತ್ರ ತೆಗೆಯುವ ಹವ್ಯಾಸಿಗೆ ವರ್ಷಕ್ಕೆ 7,300 ಆಗುತ್ತದೆ. ಅಂದರೆ 1 ಲಕ್ಷ ಮುಟ್ಟಲು 13 ವರ್ಷ ದಾಟಬೇಕು. 40 ಸಾವಿರ ಓಡಿದ ಕ್ಯಾಮೆರಾಕ್ಕೆ ಹೆದರಬೇಕಿಲ್ಲ.

ನಿಕಾನ್ ಕ್ಯಾಮೆರಾಗಳು ಈ ಕೌಂಟನ್ನು ಪ್ರತಿ ಚಿತ್ರದ ಎಕ್ಸಿಫ್ ಮಾಹಿತಿಯೊಳಗೇ, ಅಂದರೆ ಚಿತ್ರದ ಫೈಲಿನಲ್ಲಿ ಅಡಗಿರುವ ವಿವರಗಳೊಳಗೇ, ಬರೆದಿಡುತ್ತವೆ. ಮಾರುವವರಿಂದ ಅಂದೇ ತೆಗೆದ, ತಿದ್ದದ ಮೂಲ ಜೆಪೆಗ್ ಫೈಲ್ ತರಿಸಿಕೊಂಡು ಎಕ್ಸಿಫ್ ಓದುವ ಯಾವುದಾದರೂ ತಂತ್ರಾಂಶಕ್ಕೆ ಹಾಕಿದರೆ ಸಾಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಆ ಮಾಹಿತಿ ಉದುರಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಬಹುತೇಕ ಕ್ಯಾನನ್ ಮಾದರಿಗಳಲ್ಲಿ ಸಂಖ್ಯೆ ಚಿತ್ರದೊಳಗೆ ಇರುವುದಿಲ್ಲ. ಕ್ಯಾಮೆರಾವನ್ನು ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರ್‌ಗೆ ಜೋಡಿಸಿ ಪ್ರತ್ಯೇಕ ತಂತ್ರಾಂಶದಿಂದ ಓದಬೇಕು. ಫೈಲಿನ ಹೆಸರಲ್ಲಿರುವ ನಾಲ್ಕಂಕಿಯನ್ನು ತೋರಿಸಿ "ಇಷ್ಟೇ ಓಡಿದೆ" ಅನ್ನುವವರಿದ್ದಾರೆ. ಅದು 9999ಕ್ಕೆ ಮುಗಿದು ಮತ್ತೆ ಒಂದರಿಂದ ಶುರುವಾಗುತ್ತದೆ.

ಕೌಂಟ್ ಕಡಿಮೆ ಇದ್ದು ರಬ್ಬರ್ ಉಬ್ಬಿದ್ದರೆ, ಬಟನ್ ಮೇಲಿನ ಬರಹ ಅಳಿಸಿದ್ದರೆ, ಫ್ಲ್ಯಾಶ್ ಕೂರಿಸುವ ಹಾಟ್ ಶೂ ಗೀಚಿ ಬಿಳುಪಾಗಿದ್ದರೆ ಅನುಮಾನಿಸಿ. ವಿಡಿಯೊಗೆ ದುಡಿದ ಬಾಡಿಯಲ್ಲಿ ಶಟರ್ ಕೌಂಟ್ ಅಷ್ಟಾಗಿ ಹೆಚ್ಚುವುದಿಲ್ಲ, ದುಡಿಮೆಯಂತೂ ಆಗಿರುತ್ತದೆ.

ಮೆಗಾಪಿಕ್ಸೆಲ್‌ನ ಭ್ರಮೆ

24 ಮೆಗಾಪಿಕ್ಸೆಲ್ ಅಂದರೆ ಅಡ್ಡಕ್ಕೆ 6000, ಉದ್ದಕ್ಕೆ 4000 ಚುಕ್ಕೆಗಳು. 16ರಿಂದ 24ಕ್ಕೆ ಹೋದರೆ ಚುಕ್ಕೆಗಳು ಒಂದೂವರೆ ಪಟ್ಟು ಆಗುತ್ತವೆ ನಿಜ, ಆದರೆ ಚಿತ್ರದ ಅಗಲ ಹೆಚ್ಚುವುದು 1.22 ಪಟ್ಟು ಮಾತ್ರ. 4ಕೆ ಟಿವಿ ತೋರಿಸುವುದು ಬರೀ 8.3 ಮೆಗಾಪಿಕ್ಸೆಲ್. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 12 ಮೆಗಾಪಿಕ್ಸೆಲ್‌ನ ಹಳೆಯ ಡಿ90 ಕೂಡ 14 ಇಂಚು ಅಗಲದ ಪ್ರಿಂಟ್ ಕೊಡುತ್ತದೆ. ದೂರದ ಹಕ್ಕಿಯನ್ನು ಕತ್ತರಿಸಿ ದೊಡ್ಡದು ಮಾಡುವವರಿಗೆ ಹೆಚ್ಚು ಚುಕ್ಕೆ ನೆರವಾಗುತ್ತದೆ. ಉಳಿದವರಿಗೆ ಇದೊಂದು ಸಂಖ್ಯೆ.

ಸೆನ್ಸರ್‌ನ ಅಳತೆ ಬೇರೆ ಮಾತು. ಫುಲ್ ಫ್ರೇಮ್ ಅಂದರೆ 36×24 ಮಿ.ಮೀ. ಎಪಿಎಸ್-ಸಿ ಅಂದರೆ ನಿಕಾನ್‌ನಲ್ಲಿ ಸುಮಾರು 23.5×15.6, ಕ್ಯಾನನ್‌ನಲ್ಲಿ ಇನ್ನೂ ತುಸು ಚಿಕ್ಕದು. ಮಳೆಗೆ ಅಂಗಳದಲ್ಲಿ ತಟ್ಟೆ ಇಟ್ಟರೂ ಪರಾತ ಇಟ್ಟರೂ ಬೀಳುವ ಮಳೆ ಒಂದೇ, ಪರಾತದಲ್ಲಿ ನಿಲ್ಲುವ ನೀರು ಹೆಚ್ಚು. ಫುಲ್ ಫ್ರೇಮ್‌ನ ವಿಸ್ತಾರ ಎಪಿಎಸ್-ಸಿಯ ಎರಡೂಕಾಲು ಪಟ್ಟಿಗಿಂತ ಹೆಚ್ಚು, ಕತ್ತಲಲ್ಲಿ ಅದರ ಚಿತ್ರ ಹೆಚ್ಚು ನಯವಾಗಿರುವುದು ಇದರಿಂದ. ಅದಕ್ಕೆ ತಕ್ಕ ಲೆನ್ಸುಗಳು ಭಾರ, ಬೆಲೆಯೂ ಭಾರ. ಚಿಕ್ಕ ಸೆನ್ಸರ್ ನಡುವಿನ ಭಾಗವನ್ನಷ್ಟೇ ನೋಡುವುದರಿಂದ 300 ಮಿ.ಮೀ. ಲೆನ್ಸ್ ಅಲ್ಲಿ 450ರಷ್ಟು ಹತ್ತಿರ ತಂದಂತೆ ಕಾಣುತ್ತದೆ. ರಂಗನತಿಟ್ಟಿನ ದೋಣಿಯಲ್ಲಿ ಕುಳಿತವರಿಗೆ ಇದು ಪುಕ್ಕಟೆ ಲಾಭ.

ಲೆನ್ಸಿನ ಬೆಳಕಿಂಡಿ

ಹಳೆಯ ಹೆಂಚಿನ ಮನೆಯ ಬೆಳಕಿಂಡಿ ನೆನಪಿಸಿಕೊಳ್ಳಿ. ಕಿಂಡಿ ದೊಡ್ಡದಾದಷ್ಟೂ ಒಳಗೆ ಬೆಳಕು ಹೆಚ್ಚು. ಲೆನ್ಸಿನೊಳಗಿನ ಅಂಥ ಕಿಂಡಿಯೇ ಅಪರ್ಚರ್. ಅದನ್ನು ಎಫ್/1.8, ಎಫ್/5.6 ಎಂದು ಬರೆಯುತ್ತಾರೆ. ಸಂಖ್ಯೆ ಚಿಕ್ಕದಾದರೆ ಕಿಂಡಿ ದೊಡ್ಡದು ಯಾಕೆ ಎಂಬುದು ಹೊಸಬರೆಲ್ಲರ ಗೊಂದಲ. ಆ ಸಂಖ್ಯೆ ಭಾಗಾಕಾರದ್ದು: ಲೆನ್ಸಿನ ಫೋಕಲ್ ಲೆಂತ್ ಅನ್ನು (50 ಮಿ.ಮೀ., 300 ಮಿ.ಮೀ. ಎಂದು ಲೆನ್ಸಿನ ಮೇಲೆ ಬರೆದಿರುವ ಅಳತೆಯನ್ನು) ಅದರಿಂದ ಭಾಗಿಸಿದರೆ ಕಿಂಡಿಯ ಅಗಲ ಬರುತ್ತದೆ. 50 ಮಿ.ಮೀ. ಲೆನ್ಸ್ ಎಫ್/1.8ರಲ್ಲಿ ಸುಮಾರು 28 ಮಿ.ಮೀ. ಅಗಲ ತೆರೆಯುತ್ತದೆ. ಕ್ಯಾಮೆರಾ ಜೊತೆಗೆ ಕೊಡುವ 18-55 ಕಿಟ್ ಲೆನ್ಸ್ 55ರ ತುದಿಯಲ್ಲಿ, ಎಫ್/5.6ಕ್ಕೆ, ಬರೀ 10 ಮಿ.ಮೀ.

ಇದರ ಪರಿಣಾಮವನ್ನು ರಾತ್ರಿಯ ಯಕ್ಷಗಾನದಲ್ಲಿ ಲೆಕ್ಕ ಹಾಕೋಣ. ವೇಷಧಾರಿ ಗಿರಕಿ ಹೊಡೆಯುವಾಗ ಮುಖ ಕದಡದಿರಲು ಸೆಕೆಂಡಿನ 1/250 ವೇಗ ಬೇಕು ಎಂದಿಟ್ಟುಕೊಳ್ಳಿ. ಕಿಟ್ ಲೆನ್ಸ್‌ನ ಎಫ್/5.6ಕ್ಕೆ ಐಎಸ್‌ಒ 12800 ಬೇಕಾದ ಕಡೆ ಎಫ್/1.8ಕ್ಕೆ 1250ರ ಆಸುಪಾಸು ಸಾಕು. ಐಎಸ್‌ಒ ಅಂದರೆ ಮೈಕಿನ ವಾಲ್ಯೂಮ್ ಇದ್ದಂತೆ. ಭಾಗವತರ ದನಿ ಕ್ಷೀಣವಾಗಿದ್ದಾಗ ವಾಲ್ಯೂಮ್ ಏರಿಸಿದರೆ ದನಿಯ ಜೊತೆಗೆ ಕಿರಿಕಿರಿಯೂ ಏರುತ್ತದೆ. ಚಿತ್ರದಲ್ಲಿ ಆ ಕಿರಿಕಿರಿಯೇ ಬಣ್ಣಬಣ್ಣದ ರವೆಯಂತೆ ಕಾಣುವ ನಾಯ್ಸ್. ಹತ್ತು ವರ್ಷ ಹಳೆಯ ಬಾಡಿಗೆ 50 ಮಿ.ಮೀ. ಎಫ್/1.8 ಹಾಕಿದವರ ಚಿತ್ರ, ಹೊಸ ಬಾಡಿಗೆ ಕಿಟ್ ಲೆನ್ಸ್ ಹಾಕಿದವರದ್ದಕ್ಕಿಂತ ಇಲ್ಲಿ ಚೆನ್ನಾಗಿ ಬರುವುದು ಈ ಹತ್ತು ಪಟ್ಟು ಬೆಳಕಿನಿಂದ.

ಇದಕ್ಕೂ ಬೆಲೆ ತೆರಬೇಕು. ಎಪಿಎಸ್-ಸಿ ಬಾಡಿಯಲ್ಲಿ 50 ಮಿ.ಮೀ. ಲೆನ್ಸನ್ನು ಎಫ್/1.8ಕ್ಕೆ ತೆರೆದು 3 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಸ್ಪಷ್ಟವಾಗಿ ಉಳಿಯುವ ಆಳ ಸುಮಾರು 25 ಸೆಂ.ಮೀ., ಒಂದು ಗೇಣಿಗಿಂತ ತುಸು ಹೆಚ್ಚು. ಕಿರೀಟಕ್ಕೆ ಫೋಕಸ್ ಕೂತರೆ ಹಿಂದಿನ ಸಾಲಿನ ವೇಷ ಮಸುಕು. ಎಫ್/2.8ಕ್ಕೆ ಇಳಿಸುವುದು ಹಲವು ಸಲ ಒಳ್ಳೆಯದು. ಇನ್ನೊಂದು ತಾಪತ್ರಯ ಎಲ್‌ಇಡಿ ದೀಪಗಳದ್ದು. ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ವೇಗ ಹೆಚ್ಚಿದಾಗ ಚಿತ್ರದಲ್ಲಿ ಅಡ್ಡಪಟ್ಟಿ ಬಿದ್ದರೆ 1/100ಕ್ಕೆ ಇಳಿಸಿ ನೋಡಿ, ಕ್ಯಾಮೆರಾವನ್ನು ಬೈಯಬೇಡಿ.

ಯಾವ ಲೆನ್ಸ್ ಯಾವುದಕ್ಕೆ ಕೂರುತ್ತದೆ

ಹಣ ಕಳೆದುಕೊಳ್ಳುವ ತಪ್ಪುಗಳು ಹೆಚ್ಚು ಆಗುವುದು ಇಲ್ಲಿ. ಲೆನ್ಸ್ ಬಂದು ಕೂರುವ ಬಾಡಿಯ ಬಾಯಿಗೆ ಮೌಂಟ್ ಅನ್ನುತ್ತಾರೆ. ನಿಕಾನ್‌ನ ಎಫ್ ಮೌಂಟ್ 1959ರದ್ದು, ಕ್ಯಾನನ್‌ನ ಇಎಫ್ 1987ರದ್ದು. ಇಎಫ್ ಲೆನ್ಸುಗಳಲ್ಲಿ ಫೋಕಸ್ ಮೋಟಾರು ಲೆನ್ಸಿನೊಳಗೇ ಇದೆ, ಹಾಗಾಗಿ ಯಾವ ಇಒಎಸ್ ಡಿಎಸ್‌ಎಲ್‌ಆರ್‌ಗೆ ಹಾಕಿದರೂ ಓಡುತ್ತದೆ. ಇಎಫ್-ಎಸ್ ಎಂದು ಬರೆದದ್ದು ಮಾತ್ರ ಕ್ಯಾನನ್ ಫುಲ್ ಫ್ರೇಮ್ ಡಿಎಸ್‌ಎಲ್‌ಆರ್‌ಗೆ ಕೂರುವುದಿಲ್ಲ.

ನಿಕಾನ್‌ನಲ್ಲಿ ಅಕ್ಷರ ನೋಡಿ ಕೊಳ್ಳಬೇಕು. ಹಳೆಯ ಎಎಫ್-ಡಿ ಲೆನ್ಸುಗಳಿಗೆ ಸ್ವಂತ ಮೋಟಾರಿಲ್ಲ. ಬಾಡಿಯ ಮೌಂಟಿನಿಂದ ಚಾಚಿಕೊಂಡ ಪುಟ್ಟ ಸ್ಕ್ರೂಡ್ರೈವರ್ ಅವನ್ನು ತಿರುಗಿಸಬೇಕು. ಡಿ90, ಡಿ7000, ಡಿ7100, ಡಿ7200, ಡಿ7500ಗಳಲ್ಲಿ ಅದು ಇದೆ. ಡಿ3000 ಮತ್ತು ಡಿ5000 ಸರಣಿಗಳಲ್ಲಿ ಇಲ್ಲ. ಅಗ್ಗವೆಂದು 50 ಮಿ.ಮೀ. ಎಎಫ್-ಡಿ ತಂದು ಡಿ3400ಗೆ ಹಾಕಿದರೆ ಕೈಯಲ್ಲೇ ಫೋಕಸ್ ತಿರುಗಿಸುತ್ತಾ ಕೂರಬೇಕು. ಎಎಫ್-ಎಸ್ ಎಂದಿದ್ದರೆ ಆ ಚಿಂತೆಯಿಲ್ಲ. ಎಎಫ್-ಪಿ ಎಂದಿದ್ದರೆ ಉಲ್ಟಾ ತೊಂದರೆ: ಡಿ90ಯಂಥ ಹಳೆಯ ಬಾಡಿಗಳಲ್ಲಿ ಅದು ಫೋಕಸ್ ಆಗದು.

ನಾಳೆ ಮಿರರ್‌ಲೆಸ್‌ಗೆ ಹೋದರೆ ಈ ಲೆನ್ಸುಗಳ ಗತಿ? ಕನ್ನಡಿ ಏಳಲು ಜಾಗ ಬೇಕಿದ್ದರಿಂದ ನಿಕಾನ್ ಎಫ್‌ನಲ್ಲಿ ಮೌಂಟಿನಿಂದ ಸೆನ್ಸರ್‌ಗೆ 46.5 ಮಿ.ಮೀ. ಅಂತರವಿತ್ತು. ಕನ್ನಡಿ ಹೋದ ಮೇಲೆ ಝಡ್‌ನಲ್ಲಿ ಅದು 16ಕ್ಕೆ ಇಳಿಯಿತು. ಉಳಿದ 30.5 ಮಿ.ಮೀ. ತುಂಬಲು ನಡುವೆ ಒಂದು ಕೊಳವೆ ಇಟ್ಟರಾಯಿತು, ಅದೇ ಅಡಾಪ್ಟರ್. ಹಳೆಯ ಲೆನ್ಸ್ ಹೊಸ ಬಾಡಿಗೆ ಕೂರುವುದು ಹೀಗೆ. ಹೊಸ ಲೆನ್ಸನ್ನು ಹಳೆಯ ಬಾಡಿಗೆ ಹಾಕಲು ಕೊಳವೆಯಿಂದ ಆಗದು, ಕ್ಯಾಮೆರಾವನ್ನೇ ಕೊರೆಯಬೇಕಾದೀತು! ಕ್ಯಾನನ್ ಇಎಫ್ ಲೆನ್ಸುಗಳೆಲ್ಲ ಅಡಾಪ್ಟರ್ ಮೂಲಕ ಸ್ವಯಂಚಾಲಿತ ಫೋಕಸ್ ಮಾಡುತ್ತವೆ. ನಿಕಾನ್‌ನ ಎಫ್‌ಟಿಝಡ್ ಎಂಬ ಅಡಾಪ್ಟರ್‌ನಲ್ಲಿ ಎಎಫ್-ಎಸ್ ಓಡುತ್ತದೆ, ಎಎಫ್-ಡಿ ಓಡುವುದಿಲ್ಲ, ಏಕೆಂದರೆ ಅಡಾಪ್ಟರ್‌ನಲ್ಲಿ ಆ ಸ್ಕ್ರೂಡ್ರೈವರ್ ಇಲ್ಲ.

ನೋಡಲು ಹೋದ ದಿನ

ಜೊತೆಗೆ ಒಯ್ಯಬೇಕಾದ್ದು ಒಂದು ಟಾರ್ಚು, ಒಂದು ಮೆಮೊರಿ ಕಾರ್ಡು, ಸಾಧ್ಯವಾದರೆ ಲ್ಯಾಪ್‌ಟಾಪ್. ಡಿ90 ಕಾಲದ ಬಾಡಿಗಳು 32 ಜಿಬಿವರೆಗಿನ ಎಸ್‌ಡಿಎಚ್‌ಸಿ ಕಾರ್ಡನ್ನಷ್ಟೇ ಒಪ್ಪುತ್ತವೆ, 64 ಜಿಬಿ ಹಾಕಿ ಕೆಟ್ಟಿದೆ ಎಂದು ತಿಳಿಯಬಾರದು. ಹಗಲಲ್ಲೇ ಹೋಗಿ.

ಮೊದಲು ಲೆನ್ಸ್. ಬಾಡಿಯಿಂದ ಬಿಡಿಸಿ, ಹಿಂದಿನಿಂದ ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ. ಕ್ಯಾನನ್ ಇಎಫ್ ಲೆನ್ಸ್ ಬಿಡಿಸಿದಾಗ ಅಪರ್ಚರ್ ಪೂರ್ತಿ ತೆರೆದೇ ಇರುತ್ತದೆ. ಹೆಸರಲ್ಲಿ ಜಿ ಅಕ್ಷರವಿರುವ ನಿಕಾನ್ ಲೆನ್ಸುಗಳಲ್ಲಿ ಮುಚ್ಚಿಕೊಂಡಿರುತ್ತದೆ, ಹಿಂಬದಿಯ ಪುಟ್ಟ ಸನ್ನೆಯನ್ನು ಬೆರಳಲ್ಲಿ ಸರಿಸಿ ತೆರೆಯಬೇಕು. ಹಾಗೆ ತೆರೆದು ಬಿಟ್ಟಾಗ ಅಪರ್ಚರ್‌ನ ಅಲಗುಗಳು ಚಟ್ಟನೆ ಮುಚ್ಚಿಕೊಳ್ಳಬೇಕು. ನಿಧಾನವಾಗಿ ಸರಿದರೆ ಅಲಗಿನ ಮೇಲೆ ಎಣ್ಣೆ ಹರಿದಿದೆ ಎಂದರ್ಥ.

ಒಳಗೆ ನಾಲ್ಕಾರು ಧೂಳಿನ ಕಣ ಕಂಡರೆ ಚಿಂತಿಸಬೇಡಿ, ಚಿತ್ರದಲ್ಲಿ ಅವು ಕಾಣುವುದಿಲ್ಲ. ಜೇಡರ ಬಲೆಯಂಥ, ಕವಲೊಡೆದ ಬೇರಿನಂಥ ಎಳೆ ಕಂಡರೆ ಅದು ಬೂಷ್ಟು. ಗಾಜಿನ ಮೇಲೆ ಹಬೆಯಂಥ ಮಂಜು ಹರಡಿದ್ದರೂ ಬೇಡ. ಮುಂದಿನ ಗಾಜಿನ ಸಣ್ಣ ಗೀರಿಗಿಂತ ಹಿಂದಿನ ಗಾಜಿನ ಗೀರು ಹೆಚ್ಚು ಕೆಡುಕು, ಏಕೆಂದರೆ ಅದು ಸೆನ್ಸರ್‌ಗೆ ಹತ್ತಿರ.

ಆಮೇಲೆ ಲೆನ್ಸ್ ಕೂರಿಸಿ ಇಟ್ಟಿಗೆ ಗೋಡೆಯ ಎದುರು ನೇರವಾಗಿ ನಿಂತು, ಅಪರ್ಚರ್ ಪೂರ್ತಿ ತೆರೆದು ಒಂದು ಚಿತ್ರ ತೆಗೆಯಿರಿ. ನಾಲ್ಕು ಮೂಲೆಗಳೂ ಸಮವಾಗಿ ಮಸುಕಾಗಿದ್ದರೆ ಅದು ಸಹಜ. ಒಂದೇ ಮೂಲೆ ಕದಡಿದ್ದರೆ ಲೆನ್ಸ್ ಬಿದ್ದು ಒಳಗಿನ ಗಾಜು ಸರಿದಿರಬಹುದು.

ಇನ್ನು ಬಾಡಿಯ ಸರದಿ. ಎಫ್/22ಕ್ಕೆ ಇಟ್ಟು, ಫೋಕಸ್ ಕೆಡಿಸಿ, ಆಕಾಶದ ಅಥವಾ ಬಿಳಿ ಗೋಡೆಯ ಚಿತ್ರ ತೆಗೆದರೆ ಸೆನ್ಸರ್ ಮೇಲಿನ ಧೂಳು ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಕಿಂಡಿ ಕಿರಿದಾದಾಗಲೇ ಕಾಣುವುದು ಯಾಕೆಂದರೆ, ಮೋಡದ ದಿನ ನೆರಳು ಚದುರುತ್ತದೆ, ಬಿಸಿಲಲ್ಲಿ ಚೂಪಾಗಿ ಬೀಳುತ್ತದೆ, ಅದೇ ಲೆಕ್ಕ. ಧೂಳನ್ನು ಊದಿ, ಒರೆಸಿ ತೆಗೆಯಬಹುದು. ಎಣ್ಣೆಯ ಹನಿಗಳು ಮತ್ತೆ ಮತ್ತೆ ಬರುತ್ತವೆ. ಅಗ್ಗದ ಫುಲ್ ಫ್ರೇಮ್ ಎಂದು ನಿಕಾನ್ ಡಿ600 ಸಿಕ್ಕರೆ ಈ ಪರೀಕ್ಷೆ ತಪ್ಪಿಸಬೇಡಿ. 2012ರ ಆ ಮಾದರಿಯಲ್ಲಿ ಚುಕ್ಕೆಗಳ ದೂರು ಬಂದು ಕಂಪನಿಯೇ ಉಚಿತವಾಗಿ ಶಟರ್ ಬದಲಿಸಿಕೊಟ್ಟಿತ್ತು, ಬದಲಿಸಿದೆಯೇ ಎಂದು ಕೇಳಿ.

1/4000 ವೇಗದಲ್ಲಿ ಬಿಳಿ ಗೋಡೆಯ ಐದಾರು ಚಿತ್ರ ತೆಗೆಯಿರಿ. ಒಂದು ಬದಿ ಕಪ್ಪಾಗಿದ್ದರೆ ಶಟರ್ ಪರದೆ ಎಳೆದಾಡುತ್ತಿದೆ. ಮುಚ್ಚಳ ಹಾಕಿ 10 ಸೆಕೆಂಡ್ ತೆರೆದಿಟ್ಟು ತೆಗೆದರೆ ಕೆಟ್ಟ ಪಿಕ್ಸೆಲ್‌ಗಳು ಕೆಂಪು, ನೀಲಿ ಚುಕ್ಕೆಯಾಗಿ ಹೊಳೆಯುತ್ತವೆ. ಒಂದೆರಡು ಇದ್ದರೆ ಮಾಮೂಲು.

ಫೋಕಸ್ ಪರೀಕ್ಷೆಯನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯುವ ಸಾಧನ ಕನ್ನಡಿಯ ಕೆಳಗೆ ಬೇರೆಯೇ ಇದೆ, ಅದರ ದಾರಿಗೂ ಸೆನ್ಸರ್‌ನ ದಾರಿಗೂ ಕೂದಲೆಳೆ ವ್ಯತ್ಯಾಸವಾದರೆ ಕಣ್ಣಿಗೆ ಇಟ್ಟ ಫೋಕಸ್ ಕಿವಿಗೆ ಬೀಳುತ್ತದೆ. ಮೇಜಿನ ಮೇಲೆ ಸ್ಕೇಲ್ ಓರೆಯಾಗಿಟ್ಟು ನಡುವಿನ ಗೆರೆಗೆ ವ್ಯೂಫೈಂಡರ್‌ನಿಂದ (ಕಣ್ಣಿಟ್ಟು ನೋಡುವ ಕಿಂಡಿ) ಒಮ್ಮೆ, ಲೈವ್ ವ್ಯೂನಿಂದ (ಹಿಂಬದಿಯ ಪರದೆಯಲ್ಲಿ ನೋಡುವುದು) ಒಮ್ಮೆ ಫೋಕಸ್ ಮಾಡಿ ಹೋಲಿಸಿ. ವ್ಯತ್ಯಾಸವಿದ್ದರೆ ಡಿ7000 ಮತ್ತು ಮೇಲಿನ ಬಾಡಿಗಳ ಮೆನುವಿನಲ್ಲಿ ಸರಿಮಾಡಿಕೊಳ್ಳಬಹುದು. ಡಿ3000, ಡಿ5000 ಸರಣಿಗಳಲ್ಲಿ ಆ ಸೌಲಭ್ಯವಿಲ್ಲ, ಸರ್ವಿಸ್‌ಗೇ ಕೊಡಬೇಕು.

ಬ್ಯಾಟರಿ ಉಬ್ಬಿದೆಯೇ, ಹಳೆಯ ಸಿಎಫ್ ಕಾರ್ಡ್ ಬಳಸುವ ಬಾಡಿಯಾದರೆ ಒಳಗಿನ ಸೂಜಿಗಳು ಬಾಗಿವೆಯೇ ನೋಡಿ. ಅಡಿಯಲ್ಲಿರುವ ಸೀರಿಯಲ್ ನಂಬರ್ ಬಿಲ್ಲಿನ ನಂಬರಿಗೆ ತಾಳೆಯಾಗದಿದ್ದರೆ ಎಷ್ಟೇ ಅಗ್ಗವಾದರೂ ಎದ್ದು ಬನ್ನಿ.

ಮಳೆಗಾಲ ಮತ್ತು ಬೂಷ್ಟು

ಕರಾವಳಿ, ಮಲೆನಾಡಿನಲ್ಲಿ ಲೆನ್ಸ್ ಸಾಯುವುದು ಬಳಸಿ ಅಲ್ಲ, ಬೀರುವಿನಲ್ಲಿ ಇಟ್ಟು. ಗಾಳಿಯ ತೇವ 60-65 ಶೇಕಡಾ ದಾಟಿ, ಕತ್ತಲಿದ್ದು, ಗಾಳಿಯಾಡದಿದ್ದರೆ ಬೂಷ್ಟಿಗೆ ಹಬ್ಬ. ಅದು ಬೆಳೆಯುತ್ತಾ ಸ್ರವಿಸುವ ಆಮ್ಲ ಗಾಜಿನ ಲೇಪನವನ್ನು ಕೊರೆಯುತ್ತದೆ. ಬೂಷ್ಟನ್ನು ಒರೆಸಿದರೂ ಕೊರೆದ ಗುರುತು ಹೋಗದು. ಚರ್ಮದ ಕೇಸು, ಕ್ಯಾಮೆರಾ ಬ್ಯಾಗು ತೇವ ಹೀರಿಕೊಂಡು ಕೂರುತ್ತವೆ, ಮಳೆಗಾಲದಲ್ಲಿ ಅದರೊಳಗೆ ಇಡಬೇಡಿ. ಅಕ್ಕಿಯಲ್ಲಿ ಹುಗಿಯುವುದೂ ಬೇಡ, ಹಿಟ್ಟಿನ ಪುಡಿ ಸಂದುಗಳಿಗೆ ಸೇರುತ್ತದೆ.

ಮುಚ್ಚಳಕ್ಕೆ ರಬ್ಬರ್ ಸುತ್ತಿರುವ 20 ಲೀಟರಿನ ಪ್ಲಾಸ್ಟಿಕ್ ಡಬ್ಬಿ, 200 ಗ್ರಾಂ ಬಣ್ಣ ಬದಲಿಸುವ ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ ಇದ್ದರೆ ಸಾಕು. ಮಾಪಕ 40ರಿಂದ 50ರ ನಡುವೆ ನಿಲ್ಲಬೇಕು. 35ಕ್ಕಿಂತ ಕೆಳಗೆ ಇಳಿಸಿದರೆ ರಬ್ಬರ್ ಮತ್ತು ಒಳಗಿನ ಗ್ರೀಸ್ ಒಣಗುವ ಭಯ. ಅಗ್ಗದ ಮಾಪಕಗಳು ಸುಳ್ಳು ಹೇಳುವುದುಂಟು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕೆಸರಿನಷ್ಟು ನೀರು ಬೆರೆಸಿ, ಮಾಪಕದ ಜೊತೆ ಜಿಪ್ ಚೀಲದಲ್ಲಿ 8 ಗಂಟೆ ಮುಚ್ಚಿಡಿ. ಸರಿಯಾದ ಮಾಪಕ 75 ತೋರಿಸುತ್ತದೆ. 70 ತೋರಿಸಿದರೆ ಮುಂದೆ ಯಾವಾಗಲೂ 5 ಕೂಡಿಸಿಕೊಂಡು ಓದಿ.

ನೀಲಿ ಜೆಲ್ ಗುಲಾಬಿಗೆ, ಕಿತ್ತಳೆ ಜೆಲ್ ಹಸಿರಿಗೆ ತಿರುಗಿದರೆ ನೀರು ತುಂಬಿದೆ ಎಂದರ್ಥ. ಓವನ್‌ನಲ್ಲಿ 120 ಡಿಗ್ರಿಗೆ ಎರಡು ಗಂಟೆ ಕಾಯಿಸಿದರೆ ಮತ್ತೆ ಮೊದಲಿನ ಬಣ್ಣ ಬರುತ್ತದೆ. ನೀಲಿ ಬಗೆಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷಕಾರಿ ಲವಣ ಇರುತ್ತದೆ. ಅದನ್ನು ಒಗ್ಗರಣೆ ಬಾಣಲೆಯಲ್ಲಿ ಹುರಿಯಬೇಡಿ, ಅಡುಗೆಯ ಓವನ್‌ಗೂ ಹಾಕಬೇಡಿ. ಮನೆಯಲ್ಲಿ ಕಾಯಿಸುವವರಿಗೆ ಕಿತ್ತಳೆಯದೇ ಸರಿ, ಅದಕ್ಕೂ ಬೇರೆ ಪಾತ್ರೆ ಇರಲಿ.

ಎಸಿ ಕೋಣೆಯಿಂದ ಕ್ಯಾಮೆರಾವನ್ನು ಒಮ್ಮೆಲೇ ಮಂಗಳೂರಿನ ಸೆಖೆಗೆ ತಂದರೆ ತಣ್ಣಗಿನ ಗಾಜಿನ ಮೇಲೆ ಹೊರಗೂ ಒಳಗೂ ನೀರು ಕಟ್ಟುತ್ತದೆ. ಹೊರಡುವ ಮೊದಲೇ ಜಿಪ್ ಚೀಲದಲ್ಲಿ ಹಾಕಿ, ಹೊರಬಂದು ಅರ್ಧ ಗಂಟೆ ಬಿಟ್ಟು ತೆರೆಯಿರಿ. ಹಬೆ ಕಟ್ಟಿಯೇಬಿಟ್ಟರೆ ಲೆನ್ಸ್ ಬಿಡಿಸಬೇಡಿ, ಬಿಡಿಸಿದರೆ ಆ ಸೆಖೆಯ ಗಾಳಿ ನೇರ ಸೆನ್ಸರ್‌ಗೇ ಹೋಗುತ್ತದೆ. ಕ್ಯಾಮೆರಾ ಆಫ್ ಮಾಡಿ, ಬ್ಯಾಟರಿ ತೆಗೆದು, ಗಾಳಿಯಾಡುವ ನೆರಳಲ್ಲಿ ಗಾಜು ತಾನೇ ತಿಳಿಯಾಗುವವರೆಗೆ ಇಡಿ.